ನೆಂಟನೋ, ದಾಯಾದಿಯೋ

ಪುತ್ತೂರು, ಸುಳ್ಯ, ಕಡಬದ ಕಡೆಯ ಜಾತ್ರೆ-ನೇಮಗಳ ಆಮಂತ್ರಣ ಪತ್ರಿಕೆ ಓದುವುದು ನನಗೊಂದು ಚಟ. ಮೂರು ಮಡಿಕೆಯ ಹೊಳೆಯುವ ಕಾಗದ. ತಂತ್ರಿಗಳ ಹೆಸರು, ಆಡಳಿತ ಸಮಿತಿಯ ಅಧ್ಯಕ್ಷರಿಂದ ಹಿಡಿದು ಹೊರೆಕಾಣಿಕೆ ಸಮಿತಿಯ ಸಂಚಾಲಕರವರೆಗೆ ಎಲ್ಲರ ಹೆಸರು, ಅನ್ನದಾನಕ್ಕೆ ಅಕ್ಕಿ ಕೊಟ್ಟವರ ಹೆಸರು, ಶಾಮಿಯಾನದ ಪ್ರಾಯೋಜಕರ ಹೆಸರು. ಯಕ್ಷಗಾನವಿದ್ದರೆ ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳ ಎಂದು ವಿಂಗಡಿಸಿ ಅರ್ಧ ಪುಟ. ಕೊನೆಯಲ್ಲೆಲ್ಲೋ ಒಂದು ಸಾಲು: ಚೆಂಡೆ, ಬ್ಯಾಂಡ್, ಸ್ಯಾಕ್ಸೊಫೋನ್. ಊದುವವರು ಯಾರೆಂದು ಅಲ್ಲಿರುವುದಿಲ್ಲ. ವಾದ್ಯ ತಾನೇ ನಡೆದುಕೊಂಡು ಬಂದು ತಾನೇ ಊದಿಕೊಂಡು ಹೋಗುತ್ತದೆ ಎನ್ನುವಂತಿರುತ್ತದೆ ಆ ಸಾಲು.

ಹೊರಗಿನವರಿಗೆ ಇಲ್ಲೊಂದು ವಿವರಣೆ ಬೇಕು. ನಮ್ಮ ಕಡೆ ಸ್ಯಾಕ್ಸೊಫೋನ್ ಎಂದರೆ ಮಂದಬೆಳಕಿನ ಹೋಟೆಲಿನ ವಾದ್ಯವಲ್ಲ. ದೇವರು ಹೊರಗೆ ಬರುವಾಗ, ಮದುವೆಯ ದಿಬ್ಬಣ ಬರುವಾಗ, ನಡುರಾತ್ರಿ ದೈವದ ಗಗ್ಗರದ ಸದ್ದಿನ ಹಿಂದೆ, ಅದೇ ಇರುತ್ತದೆ. ಎಪ್ರಿಲ್ ತಿಂಗಳಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆಂದು ದೇವರಮಾರು ಗದ್ದೆಯಲ್ಲಿ ನಿಂತ ಮಕ್ಕಳಿಗೆ ಅದು ಚೆಂಡೆಯಷ್ಟೇ ಊರಿನದು. ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಗೇರುಬೀಜ ಎಲ್ಲಿಂದ ಬಂತು ಎಂದು ಕೇಳುತ್ತೇವೆಯೇ? ಮೆಣಸಿನಕಾಯಿ?

ನನಗೆ ಆ ಪ್ರಶ್ನೆ ಎದುರಾದದ್ದು ಊರಿನಿಂದ ಬಹಳ ದೂರದಲ್ಲಿ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಘಾನಾ ದೇಶದ ಒಬ್ಬ ಸಂಶೋಧಕ ನನ್ನ ಪಕ್ಕದ ಕೋಣೆಯಲ್ಲಿದ್ದ. ಒಮ್ಮೆ ಮನೆಯಿಂದ ಬಂದ ನೇಮದ ವಿಡಿಯೊ ನೋಡುತ್ತಿದ್ದೆ. ತಾಸೆ, ಡೋಲು, ಅದರ ಮೇಲೆ ಸ್ಯಾಕ್ಸೊಫೋನ್. ಬಾಗಿಲಲ್ಲಿ ನಿಂತು ಕೇಳಿದವನು ಧ್ವನಿ ತಗ್ಗಿಸಿ, ಯಾರು ತೀರಿಕೊಂಡರು ಎಂದು ವಿಚಾರಿಸಿದ. ಅವನ ಊರಿನಲ್ಲಿ ಇಂಥ ಬ್ಯಾಂಡು ಬರುವುದು ಹೆಚ್ಚಾಗಿ ಶವಯಾತ್ರೆಗೆ. ಒಂದು ಲೆಕ್ಕದಲ್ಲಿ ಅವನು ಕೇಳಿದ್ದು ಸರಿಯೇ ಇತ್ತು, ಹಲವು ದೈವಗಳೆಂದರೆ ತೀರಿಕೊಂಡವರೇ ತಾನೆ, ಅದರಲ್ಲೂ ಅನ್ಯಾಯವಾಗಿ ತೀರಿಕೊಂಡವರು. ಅಂದು ರಾತ್ರಿ ಅವನು ತನ್ನ ತಂದೆ ಕೇಳುತ್ತಿದ್ದ ಓಸಿಬಿಸಾ ಎಂಬ ತಂಡದ ಹಾಡುಗಳನ್ನು ಹಾಕಿದ. ಆ ಕೊಂಬು-ಕಹಳೆಗಳ ಹಿಂದೆ ಓಡುವ ತಾಳಗಳನ್ನು ಕೇಳುತ್ತ ನನಗೆ ಹುಟ್ಟಿದ ಕಸಿವಿಸಿಯೇ ಈ ಬರಹ. ದೂರದಿಂದ ನಮ್ಮ ಮನೆಗೆ ಬಂದು ಸೇರಿದ ನಾದ ನಮಗೆ ಏನಾಗಬೇಕು? ಅದರ ಮೂಲದವರಿಗೆ ನಾವು ಏನಾದರೂ ಕೊಡಬೇಕಾಗಿದೆಯೇ?

ಕೊಡಬೇಕಾದದ್ದೇನೂ ಇಲ್ಲ, ಸಂಗೀತ ಗಾಳಿಯ ಹಾಗೆ, ಎನ್ನುವುದು ಸುಲಭದ ಉತ್ತರ. ಆದರೆ ಸಂಗೀತ ಗಾಳಿಯಲ್ಲಿ ತೇಲಿ ಬರಲಿಲ್ಲ, ಹಡಗಿನಲ್ಲಿ ಬಂತು.

ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ ತನ್ನ ವಾದ್ಯಕ್ಕೆ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಮರದ ವಾದ್ಯಗಳ ನಯ, ಹಿತ್ತಾಳೆಯ ಗಂಟಲು ಎರಡೂ ಇರುವ, ಬಯಲಿನಲ್ಲೂ ಕೇಳಿಸುವ ವಾದ್ಯವೊಂದು ಅವನಿಗೆ ಬೇಕಿತ್ತು. ಅದನ್ನು ಮೊದಲು ಮನೆ ಸೇರಿಸಿಕೊಂಡದ್ದು ಸೈನ್ಯದ ಬ್ಯಾಂಡುಗಳು. ಸೈನ್ಯದ ಬ್ಯಾಂಡು ಎಲ್ಲೆಲ್ಲಿಗೆ ಹೋಯಿತೋ ಅಲ್ಲೆಲ್ಲ ಇಂಥ ವಾದ್ಯಗಳು ಹೋದವು, ಮತ್ತು ಆ ಶತಮಾನದಲ್ಲಿ ಯುರೋಪಿನ ಸೈನ್ಯ ಹೋಗದ ಜಾಗವೇ ಕಡಿಮೆ.

ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ, ಇಂದಿನ ಘಾನಾದಲ್ಲಿ, ಕೇಪ್ ಕೋಸ್ಟ್ ಎಂಬಲ್ಲಿ ಒಂದು ಬಿಳಿ ಕೋಟೆಯಿದೆ. ಅದರ ನೆಲಮಾಳಿಗೆಗಳಲ್ಲಿ ಜನರನ್ನು ಕೂಡಿಹಾಕಿ ಅಟ್ಲಾಂಟಿಕದ ಆಚೆಗೆ ಗುಲಾಮರಾಗಿ ಸಾಗಿಸುತ್ತಿದ್ದರು. ಬ್ರಿಟಿಷರು ಈ ವ್ಯಾಪಾರವನ್ನು 1807ರಲ್ಲಿ ನಿಷೇಧಿಸಿದರು, ಕೋಟೆಯನ್ನು ಬಿಡಲಿಲ್ಲ. 1870ರ ದಶಕದಲ್ಲಿ ಅಶಾಂತಿ ರಾಜ್ಯದ ಮೇಲೆ ಯುದ್ಧಕ್ಕೆ ಹೊರಟಾಗ ವೆಸ್ಟ್ ಇಂಡೀಸಿನಿಂದ ಕಪ್ಪು ಸೈನಿಕರ ಪಡೆಗಳನ್ನು ಕರೆತಂದರು. ಇಂಥ ಕೋಟೆಗಳಿಂದ ಹಡಗು ಹತ್ತಿಸಲಾದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಸಮವಸ್ತ್ರ ಧರಿಸಿ ಅದೇ ಕರಾವಳಿಗೆ ಮರಳಿದ ಅವರು ಬಿಡುವಿನ ವೇಳೆಯಲ್ಲಿ ಬ್ಯಾಂಡಿನ ವಾದ್ಯಗಳಲ್ಲಿ ಕೆರಿಬಿಯನ್ ದ್ವೀಪಗಳ ಧಾಟಿಗಳನ್ನು ನುಡಿಸಿದರು. ಸ್ಥಳೀಯ ವಾದಕರು ಕೇಳಿದರು, ಕಲಿತರು, ತಮ್ಮ ತಾಳ ಸೇರಿಸಿ 'ಅಡಾಹಾ' ಎಂಬ ಹೊಸ ಬ್ಯಾಂಡ್ ಸಂಗೀತ ಕಟ್ಟಿದರು. ಅದು ಬೆಳೆದು 1920ರ ದಶಕದ ಹೊತ್ತಿಗೆ 'ಹೈಲೈಫ್' ಆಯಿತು.

ಈ ಹೈಲೈಫ್ ಎಂಬ ಹೆಸರಿನ ಹುಟ್ಟು ನನಗೆ ಬಹಳ ಇಷ್ಟ. ಸೂಟುಬೂಟು ಹಾಕಿ, ದುಬಾರಿ ಟಿಕೇಟು ಕೊಂಡು ಕ್ಲಬ್ಬಿನೊಳಗೆ ಹೋಗುವವರಿಗಾಗಿ ವಾದ್ಯವೃಂದ ನುಡಿಸುತ್ತಿತ್ತು. ಒಳಗೆ ಹೋಗಲಾಗದೆ ಹೊರಗೆ ನಿಂತು ಕೇಳುತ್ತಿದ್ದ ಬಡವರು ಅದನ್ನು 'ಮೇಲಿನವರ ಬದುಕು' ಎಂದು ಕರೆದರು. ಸಂಗೀತಕ್ಕೆ ಹೆಸರು ಕೊಟ್ಟದ್ದು ಟಿಕೇಟು ಇಲ್ಲದವರು.

ಓಸಿಬಿಸಾ ಇದರ ಮುಂದಿನ ಅಧ್ಯಾಯ. ಘಾನಾ ಸ್ವತಂತ್ರವಾದದ್ದು 1957ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಲೂಯಿ ಆರ್ಮ್‌ಸ್ಟ್ರಾಂಗ್ ಅಕ್ರಾಕ್ಕೆ ಬಂದು, ಹೈಲೈಫಿನ ದೊರೆ ಎನಿಸಿದ್ದ ಇ. ಟಿ. ಮೆನ್ಸಾ ಜೊತೆ ಸೇರಿ ನುಡಿಸಿದ್ದರು. ಅದನ್ನೆಲ್ಲ ಕೇಳಿ ಬೆಳೆದ ಪೀಳಿಗೆಯ ಸ್ಯಾಕ್ಸೊಫೋನ್ ವಾದಕ ಟೆಡ್ಡಿ ಓಸೆ 1960ರ ದಶಕದಲ್ಲಿ ಲಂಡನ್ನಿಗೆ ಹೋದರು. 1969ರಲ್ಲಿ ತಮ್ಮ ಮ್ಯಾಕ್ ಟೊಂಟೊ, ಗೆಳೆಯ ಸಾಲ್ ಅಮಾರ್ಫಿಯೊ ಜೊತೆ ಸೇರಿ ತಂಡ ಕಟ್ಟಿದರು. ಈ ಮೂವರು ಘಾನಾದವರು, ಲಾಫ್ಟಿ ಅಮಾವೊ ನೈಜೀರಿಯಾದವರು. ಉಳಿದ ಮೂವರು ಬಂದದ್ದು ಗ್ರೆನಡಾ, ಟ್ರಿನಿಡಾಡ್, ಆಂಟಿಗ್ವಾ ದ್ವೀಪಗಳಿಂದ. ಹೈಲೈಫ್, ಜಾಝ್, ರಾಕ್, ಕೆರಿಬಿಯನ್ ತಾಳ ಎಲ್ಲ ಬೆರೆತ ಅವರ ಮೊದಲ ಆಲ್ಬಮ್ 1971ರಲ್ಲಿ ಬಂತು. ಮುಖಪುಟದಲ್ಲಿ ಇಂಗ್ಲಿಷ್ ಕಲಾವಿದ ರೋಜರ್ ಡೀನ್ ಬರೆದ, ರೆಕ್ಕೆ ಹಚ್ಚಿದ ಆನೆಗಳು. ತಂಡ ಜಗತ್ತು ಸುತ್ತಿತು, 1980ರ ದಶಕದ ಆರಂಭದಲ್ಲಿ ಭಾರತಕ್ಕೂ ಬಂದು ನುಡಿಸಿತು.

ಆ ಮುಖಪುಟವನ್ನು ನೋಡಿದಾಗ ನನಗೆ ಅನ್ನಿಸಿದ್ದು: ಇಷ್ಟೆಲ್ಲ ಆದಮೇಲೂ ಅಂಗಡಿಯಲ್ಲಿ ಮಾರಾಟವಾಗಲು ಆಫ್ರಿಕಾ ಹಾರುವ ಆನೆಯೇ ಆಗಬೇಕಾಯಿತು. ಯುರೋಪಿನ ಕೇಳುಗನಿಗೆ ಬೇಕಿದ್ದದ್ದು ಸಂತೋಷ, ಬಿಸಿಲು, ಕುಣಿತ. ನನ್ನ ಗೆಳೆಯ ಇದನ್ನು ಒಪ್ಪಲಿಲ್ಲ. ಅವನ ವಾದ: ನೀವು ಓದಿದವರು ನಮ್ಮ ಸಂತೋಷವನ್ನು ಯಾವಾಗಲೂ ಮುಖವಾಡ ಎಂದುಕೊಳ್ಳುತ್ತೀರಿ, ನಮ್ಮ ನೋವನ್ನು ಮಾತ್ರ ನಿಜ ಅನ್ನುತ್ತೀರಿ, ಕುಣಿಸಲೆಂದೇ ಮಾಡಿದ ಸಂಗೀತ ಅದು. ಅವನ ಮಾತು ಸರಿ ಎಂದು ಈಗಲೂ ಅನ್ನಿಸುತ್ತದೆ. ಆದರೆ ಆನೆಯ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಮುಖಪುಟಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ತಂಡದ ಏಳು ಜನರ ಊರುಗಳು. ಪಶ್ಚಿಮ ಆಫ್ರಿಕಾದಲ್ಲೇ ಉಳಿದವರ ವಂಶದವರು ನಾಲ್ವರು, ಆಫ್ರಿಕಾದಿಂದ ಸಾಗಿಸಲ್ಪಟ್ಟವರು ಹೋಗಿ ಸೇರಿದ ದ್ವೀಪಗಳವರು ಮೂವರು. ಆ ವ್ಯಾಪಾರವನ್ನು ಯುರೋಪಿನವರು ಒಬ್ಬರೇ ನಡೆಸಲಿಲ್ಲ, ಕರಾವಳಿಯ ಮತ್ತು ಒಳನಾಡಿನ ರಾಜ್ಯಗಳೂ ಸೆರೆಯಾಳುಗಳನ್ನು ಹಿಡಿದು ಮಾರಿದ್ದವು. ಅಂದರೆ ಒಂದೇ ವೇದಿಕೆಯಲ್ಲಿ ನಿಂತವರ ನಡುವೆ ಒಂದು ಹಳೆಯ ಲೆಕ್ಕ ಬಾಕಿಯಿತ್ತು. 1975ರ ಅವರ ಆಲ್ಬಮ್ಮಿನ ಹೆಸರು 'ವೆಲ್ಕಮ್ ಹೋಮ್'. ಮನೆಗೆ ಸ್ವಾಗತ ಎಂದು ಹೇಳುವುದು ಯಾರಿಗೆ? ಸ್ವಂತ ಮನೆಯವನಿಗೆ ಯಾರೂ ಸ್ವಾಗತ ಹೇಳುವುದಿಲ್ಲ. ಹೊರಗಿನವನಿಗೂ 'ಮನೆ' ಎಂದು ಹೇಳುವುದಿಲ್ಲ. ಹೊರಗೆ ಹಾಕಲ್ಪಟ್ಟ ಮನೆಯವನಿಗೆ ಮಾತ್ರ ಹೇಳಬಹುದಾದ ಮಾತದು.

ಈಗ ನಮ್ಮ ದಡಕ್ಕೆ. ಇಲ್ಲೂ ವಾದ್ಯ ಬಂದದ್ದು ಬ್ಯಾಂಡಿನ ದಾರಿಯಲ್ಲೇ. ಮೈಸೂರು ಅರಮನೆಯವರು ಪಾಶ್ಚಾತ್ಯ ಬ್ಯಾಂಡನ್ನು ಸಾಕಿದ್ದರು. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ ಗೋಪಾಲನಾಥ ಸ್ಯಾಕ್ಸೊಫೋನನ್ನು ಮೊದಲು ಕಂಡದ್ದು ಆ ಬ್ಯಾಂಡಿನಲ್ಲಿ. ಮುಂದಿನದು ನಮ್ಮ ಜಿಲ್ಲೆಯ ಎಲ್ಲರಿಗೂ ಗೊತ್ತಿರುವ ಕತೆ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಬಳಿಕ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ, ವರ್ಷಗಟ್ಟಲೆ ಸಾಧನೆ. ಪರದೇಶಿ ವಾದ್ಯ ಎಂದು ಮೂಗು ಮುರಿದವರಿದ್ದರು. ಮೂಗು ಮುರಿಯಲು ಒಂದು ಕಾರಣವೂ ಇತ್ತು, ಕೀಲಿ ಒತ್ತಿದರೆ ಒಂದೊಂದು ಸ್ವರ ತುಂಡುತುಂಡಾಗಿ ಬರುವ ವಾದ್ಯದಲ್ಲಿ ಗಮಕ ಎಲ್ಲಿಂದ ತರುವುದು? ಅವರು ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರು, ಉಳಿದದ್ದನ್ನು ತುಟಿ ಮತ್ತು ಉಸಿರಿನಿಂದ ಸಾಧಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನಾಡ್ ಸಂಗೀತೋತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಪುತ್ತೂರಿನವರಾಗಿ ಇಲ್ಲಿ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಪರ್ಲಡ್ಕದ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ತಂದು ಭಾಗವತಿಕೆಯ ಜೊತೆ ಕೂರಿಸಿದ್ದರು. ಸಂಪ್ರದಾಯಸ್ಥರು ಸಿಟ್ಟಾದರು, ಮೇಳಗಳು ಅದನ್ನು ಎತ್ತಿಕೊಳ್ಳಲಿಲ್ಲ. ಯಕ್ಷಗಾನ ಒಲ್ಲೆನೆಂದ ವಾದ್ಯವನ್ನು ದೇವರ ಬಲಿ ಮತ್ತು ದೈವದ ನೇಮ ಸದ್ದಿಲ್ಲದೆ ಒಳಗೆ ಕರೆದುಕೊಂಡವು. ಕಲೆಗಿಂತ ಆಚರಣೆ ಹೆಚ್ಚು ಸಂಪ್ರದಾಯನಿಷ್ಠ ಎಂದು ನಾವು ತರಗತಿಯಲ್ಲಿ ಕಲಿಯುತ್ತೇವೆ. ನಮ್ಮ ಜಿಲ್ಲೆಯ ಸ್ಯಾಕ್ಸೊಫೋನ್ ಆ ಪಾಠವನ್ನು ಓದಿದಂತಿಲ್ಲ.

ಜಾಝ್ ಮತ್ತು ಕರ್ನಾಟಕದ ಸಂಬಂಧಕ್ಕೆ ಒಂದು ವಿಚಿತ್ರ ಹೆಣಿಗೆಯಿದೆ. ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1960ರ ದಶಕದಲ್ಲಿ ಕೆಲಸಕ್ಕೆಂದು ಮಲೇಷ್ಯಾಕ್ಕೆ ಹೋದಾಗ ನಾಗಸ್ವರ ಕೇಳಿ ಮರುಳಾಗಿ ಅದನ್ನು ಕಲಿತರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಲ್ಲಿ ನಾಗಸ್ವರದವರ ಮಗ ಸ್ಯಾಕ್ಸೊಫೋನಿನ ಬೆನ್ನು ಹತ್ತಿದ್ದ. ಮರಿಯಾನೊ ಮುಂದೆ, 1964ರಲ್ಲಿ ಟಿ. ಎ. ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ವರ್ಷಗಟ್ಟಲೆ ನುಡಿಸಿದರು. ಆರ್. ಎ. ರಮಾಮಣಿ ಅವರ ಹಾಡುಗಾರಿಕೆ, ಮೃದಂಗ, ಘಟ, ಖಂಜಿರಗಳ ನಡುವೆ ಅವರ ಸ್ಯಾಕ್ಸೊಫೋನ್ ಕೇಳುವ 'ಜ್ಯೋತಿ' ಆಲ್ಬಮ್ 1983ರಲ್ಲಿ ಬಂತು. ಮುಖಪುಟದ ಮೇಲೆ ಮರಿಯಾನೊ ಹೆಸರಿನ ಜೊತೆಗೇ ಕಾಲೇಜಿನ ಹೆಸರೂ ಇದೆ. ಇದು ಸಣ್ಣ ವಿಷಯವಲ್ಲ. ಪಾಶ್ಚಾತ್ಯ ತಂಡಗಳ ಎಷ್ಟೋ ಧ್ವನಿಮುದ್ರಣಗಳಲ್ಲಿ ನಮ್ಮ ತಬಲ, ಮೃದಂಗದವರು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸೇರಿಹೋಗಿದ್ದಾರೆ. ಬಣ್ಣಕ್ಕೆಂದು ಕರೆಸಿದ ನೆಂಟರು ಅವರು.

ಗೋಪಾಲನಾಥರ ಬದುಕಿನ ತಿರುವು 1980ರ ಮುಂಬಯಿಯ ಜಾಝ್ ಉತ್ಸವ. ಅಲ್ಲಿಗೆ ಬಂದಿದ್ದ ಅಮೆರಿಕದ ಕಪ್ಪು ಜಾಝ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ, ಜೊತೆಯಲ್ಲಿ ನುಡಿಸಬಹುದೇ ಎಂದು ಕೇಳಿದರು. ನಾನು ಈ ಪ್ರಸಂಗವನ್ನು ಬಹಳ ಸಲ ಯೋಚಿಸಿದ್ದೇನೆ. ಆಫ್ರಿಕಾದಿಂದ ಒಯ್ಯಲ್ಪಟ್ಟವರ ವಂಶದ ಹ್ಯಾಂಡಿ ಒಂದು ಕಡೆ. ದೇವಸ್ಥಾನದ ಅಂಗಳದಲ್ಲಿ ನಿಂತು ಊದುವವರ ಮಗ ಇನ್ನೊಂದು ಕಡೆ. ನಡುವೆ ಬೆಲ್ಜಿಯಂನವನು ಸೈನ್ಯಕ್ಕೆ ಒಪ್ಪಿಸಿದ ವಾದ್ಯ. ಇಬ್ಬರೂ ಅದನ್ನು ಅದರ ಮೊದಲ ಯಜಮಾನನಿಂದ ಬಿಡಿಸಿಕೊಂಡು ಬಂದವರು.

ಇಲ್ಲಿಂದ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. 2008ರಲ್ಲಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಬಂತು. ಅದರ ಸೂತ್ರಧಾರ ರುದ್ರೇಶ್ ಮಹಾಂತಪ್ಪ. ಮೂಲ ಯಾವ ನಾಡಿನದೆಂದು ಆ ಹೆಸರೇ ಹೇಳುತ್ತದೆ. ತಂದೆ ಕೊಲರಾಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ, ಮಗ ಹುಟ್ಟಿದ್ದು ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ಕಲಿತದ್ದು ಜಾಝ್. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್' ಕೊಟ್ಟನಂತೆ. ಆ ತಮಾಷೆ ವರ್ಷಗಳ ನಂತರ ಇಬ್ಬರ ಜೊತೆವಾದನವಾಯಿತು. ಎರಡು ಆಲ್ಟೊ ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಝ್ ಅಬ್ಬಾಸಿ ಅವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್.

'ಕಿನ್ಸ್‌ಮೆನ್' ಎಂಬುದನ್ನು ಕನ್ನಡಕ್ಕೆ ತರಲು ಹೊರಟರೆ ನಮ್ಮ ಭಾಷೆ ತಟ್ಟನೆ ಕವಲೊಡೆಯುತ್ತದೆ. ಬಂಧು ಎನ್ನಬಹುದು, ಬಳಗ ಎನ್ನಬಹುದು, ಆದರೆ ಅವು ಮದುವೆ ಕಾಗದದ ಪದಗಳು. ದಿನಬಳಕೆಯಲ್ಲಿ ನಮಗಿರುವುದು ಎರಡು: ನೆಂಟ ಮತ್ತು ದಾಯಾದಿ. ನೆಂಟ ಬಂದರೆ ಮಣೆ, ಬೆಲ್ಲ-ನೀರು, ಪಾಯಸ. ಎರಡು ದಿನ ಇದ್ದು ಹೊರಡಬೇಕು. ಅವನಿಗೆ ಮನೆಯ ಲೆಕ್ಕಪತ್ರ ಯಾರೂ ತೋರಿಸುವುದಿಲ್ಲ. ದಾಯಾದಿಗೆ ಪಾಯಸ ಸಿಗುವ ಖಾತ್ರಿಯಿಲ್ಲ, ಕೋರ್ಟಿನಲ್ಲಿ ಭೇಟಿಯಾಗುವ ಖಾತ್ರಿಯಿದೆ. ಆದರೆ ಅವನ ಮುಂದೆ ಲೆಕ್ಕ ತೆರೆಯಲೇಬೇಕು, ಅವನಿಗೊಂದು ಪಾಲಿದೆ.

ಫ್ಯೂಷನ್ ಎಂಬ ಹೆಸರಿನಲ್ಲಿ ನಡೆಯುವ ಬಹುತೇಕ ಕೆಲಸ ನೆಂಟಸ್ತನ. ಪರಸ್ಪರ ಹೊಗಳಿಕೆ, ಒಂದು ಸಂಜೆ, ಫೋಟೊ. ಅಲ್ಲಿ ಯಾರು ಬಾಗಿದರು ಎಂಬ ಪ್ರಶ್ನೆ ಕೇಳುವಂತಿಲ್ಲ. ಬಾಗುವುದೆಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂಗೀತದಲ್ಲಿ ಆಧಾರ ಷಡ್ಜ ಕದಲುವುದಿಲ್ಲ. ತಂಬೂರಿ ಹಿಡಿದ ಶ್ರುತಿ ಕಛೇರಿ ಮುಗಿಯುವವರೆಗೆ ಅಲ್ಲೇ ಇರುತ್ತದೆ, ರಾಗ ಅದರ ಮೇಲೆ ಮನೆ ಕಟ್ಟುತ್ತದೆ. ಜಾಝ್‌ನಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತದೆ, ಸ್ವರಮೇಳ ಬದಲಾದಂತೆ ವಾದಕ ಹೊಸ ನೆಲದ ಮೇಲೆ ಹೆಜ್ಜೆ ಹುಡುಕಬೇಕು. ಇಬ್ಬರೂ ತಮ್ಮಷ್ಟಕ್ಕೆ ನುಡಿಸಿದರೆ ಜಗಳ. ಆದ್ದರಿಂದ ಯಾರಾದರೂ ಏನಾದರೂ ಬಿಡಬೇಕು, ಮತ್ತು ಸಾಮಾನ್ಯವಾಗಿ ಬಿಡುವವನು ಯಾರ ಬಳಿ ಹಣ, ಸ್ಟುಡಿಯೊ, ಪಾಸ್‌ಪೋರ್ಟಿನ ಬಲ ಇಲ್ಲವೋ ಅವನು. ರಾಗ ನಾಲ್ಕು ಸ್ವರಗಳ ಅಲಂಕಾರವಾಗಿ ಮೊಟಕಾಗುತ್ತದೆ.

'ಕಿನ್ಸ್‌ಮೆನ್' ಕೇಳಿದಾಗ ನನ್ನ ಕಿವಿಗೆ ಬಿದ್ದದ್ದು ಬೇರೆ. ಬಾಗಿದವರು ಕಿರಿಯರು. ಗೋಪಾಲನಾಥರು ಅಲ್ಲಿಯೂ ಗೋಪಾಲನಾಥರೇ, ಅವರ ಕಲ್ಯಾಣಿ ಕಲ್ಯಾಣಿಯೇ. ರುದ್ರೇಶ್ ಅದರ ಸುತ್ತ ದಾರಿ ಕಟ್ಟಿದ್ದಾರೆ, ಆಗಾಗ ಆ ದಾರಿ ಕಡಿದಾಗಿ ಉಸಿರು ಕಟ್ಟಿಸುವಂತಿದೆ. ಎರಡು ಸ್ಯಾಕ್ಸೊಫೋನುಗಳು ಒಂದಾಗುವುದಿಲ್ಲ. ಒಂದರ ಅಂಚು ಚೂಪು, ಇನ್ನೊಂದು ಗುಂಡಗೆ ಉರುಳುತ್ತದೆ. ಒಂದೊಂದು ಕಡೆ ವಾಗ್ವಾದವೇ ನಡೆಯುತ್ತಿದೆ ಎನ್ನಿಸುತ್ತದೆ, ಬೇಲಿಯ ಆಚೆ ಈಚೆ ನಿಂತ ಇಬ್ಬರು ಗಡಿಕಲ್ಲಿನ ಬಗ್ಗೆ ಮಾತನಾಡುವಂತೆ. ಮಧ್ಯದಲ್ಲಿ ಕೆಲವು ಸಣ್ಣ ಆಲಾಪಗಳಿವೆ, ಅವಕ್ಕೆ ವಾದಕರ ಹೆಸರುಗಳೇ ಶೀರ್ಷಿಕೆ: ರೆಝ್ ಆಲಾಪ್, ಕನ್ಯಾ ಆಲಾಪ್, ರುದ್ರೇಶ್ ಆಲಾಪ್. ಒಬ್ಬೊಬ್ಬರಿಗೂ ತಾನು ಯಾರೆಂದು ಹೇಳಲು ಜಾಗ. ಇದನ್ನೆಲ್ಲ ಹೊಗಳಿ ಬರೆಯುವಾಗಲೂ ಒಂದು ತಕರಾರು ಉಳಿಯುತ್ತದೆ. ಮುಖಪುಟದಲ್ಲಿ ಮೊದಲ ಹೆಸರು ರುದ್ರೇಶರದು, ಹಿರಿಯರದು ಅದರ ನಂತರ. ರಚನೆ, ಯೋಜನೆ ಅವರದ್ದು ಎಂಬುದು ನಿಜ. ಹಾಗಿದ್ದರೂ ನನ್ನ ಕಣ್ಣು ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.

ಇಷ್ಟು ಹೊತ್ತಿಗೆ ಯಾರಾದರೂ ಕೇಳಬೇಕಾದ ಪ್ರಶ್ನೆಯೊಂದಿದೆ. ಆಫ್ರಿಕಾ, ಅಮೆರಿಕ ಎಲ್ಲ ಸರಿ, ನಾಗಸ್ವರ ಏನಾಯಿತು? ನಮ್ಮ ಕಡೆ ಅದನ್ನು ನುಡಿಸುತ್ತಿದ್ದವರು ದೇವಾಡಿಗರು ಮೊದಲಾದ ವಾದ್ಯದ ಸಮುದಾಯಗಳವರು. ನಾಗಸ್ವರ ಕಠಿಣ ವಾದ್ಯ, ಎದೆಯ ಉಸಿರನ್ನೆಲ್ಲ ಕೇಳುತ್ತದೆ. ಸೀವಾಳಿ ಹದಗೊಳಿಸುವುದೇ ಒಂದು ವಿದ್ಯೆ. ಸ್ಯಾಕ್ಸೊಫೋನಿಗೆ ಮೈಕ್ ಹಿಡಿದರೆ ಗದ್ದೆಯ ಆಚೆ ತುದಿಗೂ ಕೇಳುತ್ತದೆ, ಸಿನಿಮಾ ಹಾಡೂ ಬರುತ್ತದೆ, ದಾಸರ ಪದವೂ ಬರುತ್ತದೆ. ಮದುವೆಯವರು ಅದನ್ನೇ ಕೇಳುತ್ತಾರೆ. ಹೀಗೆ ಬಂದ ದಾಯಾದಿ ಮನೆಯವನನ್ನೇ ಜಗಲಿಗೆ ತಳ್ಳಿದ ಎಂದು ಹಳಬರು ಹೇಳಿದರೆ ನಾನು ಅಲ್ಲಗಳೆಯಲಾರೆ. ಹಾಗೆಂದು ವಾದ್ಯ ಉಳಿಸಿ ಎಂದು ವಾದಕನಿಗೆ ಉಪದೇಶಿಸುವ ಹಕ್ಕು ನನಗಿಲ್ಲ. ನಾಗಸ್ವರದವನ ಮಗ ಸ್ಯಾಕ್ಸೊಫೋನ್ ಹಿಡಿದರೆ ಅದರಲ್ಲಿ ಸಂಪಾದನೆಯ ಆಸೆ ಇದ್ದಂತೆ, ಅಂಗಳದಲ್ಲಿ ನಿಂತು ಊದುವುದರಿಂದ ವೇದಿಕೆಯ ಮೇಲೆ ಕೂತು ನುಡಿಸುವುದರ ಕಡೆಗೆ ಒಂದು ಹೆಜ್ಜೆಯೂ ಇದ್ದಿರಬಹುದು. ಹಳೆಯ ವಾದ್ಯಕ್ಕೆ ಅಂಟಿದ್ದ ಜಾತಿ ಹೊಸ ವಾದ್ಯಕ್ಕೆ ಅಷ್ಟು ಬೇಗ ಅಂಟುವುದಿಲ್ಲ. ಗೋಪಾಲನಾಥರು ಹೊಳೆಯುವ ರೇಷ್ಮೆ ಅಂಗಿ ತೊಟ್ಟು ಸಭೆಯ ನಡುವೆ ಕೂತು ನುಡಿಸುವುದನ್ನು ನೋಡಿದ ವಾದ್ಯದವರ ಮನೆಯ ಹುಡುಗರು ಏನನ್ನು ನೋಡಿದ್ದರು ಎಂಬುದು ಸಂಗೀತ ವಿಮರ್ಶೆಯ ಪುಸ್ತಕಗಳಲ್ಲಿ ಇರುವುದಿಲ್ಲ.

ಪಾಲು ಎಂದೆ. ಏನು ಪಾಲು? ಘಾನಾದ ಕರಾವಳಿಯವರಿಗೆ ಸುಳ್ಯದ ನೇಮದಿಂದ ರಾಯಧನ ಕಳಿಸಲಾಗದು. ವಾದ್ಯ ಅವರದೂ ಅಲ್ಲ, ನಮ್ಮದೂ ಅಲ್ಲ. ನಾವು ಅವರಿಂದ ನೇರವಾಗಿ ಏನನ್ನೂ ಕದ್ದಿಲ್ಲ. ಆದರೆ ಈ ವಾದ್ಯ ಸೈನ್ಯದ ಹೊಗಳುಭಟನಾಗಿಯೇ ಉಳಿಯದೆ, ಮಾತನಾಡಬಲ್ಲ, ಅಳಬಲ್ಲ ಗಂಟಲಾದದ್ದು ಮೊದಲು ಅಮೆರಿಕದ ಕಪ್ಪು ಜನರ ಬಾಯಲ್ಲಿ. ಸ್ವರವನ್ನು ಬಗ್ಗಿಸಿ, ಜಾರಿಸಿ, ಗೊಗ್ಗರಿಸಿ ಮಾತಾಡಿಸುವುದನ್ನು ಜಗತ್ತಿಗೆಲ್ಲ ಕೇಳಿಸಿದವರು ಅವರು. ಜಾನ್ ಹ್ಯಾಂಡಿಗೆ ಗೋಪಾಲನಾಥರ ಗಮಕ ಗುರುತು ಸಿಕ್ಕಿದ್ದು ಅದಕ್ಕೇ ಇರಬೇಕು. ಹಾಗಾದರೆ ದಾಯಾದಿಗೆ ಕೊಡಬಹುದಾದದ್ದು ಲೆಕ್ಕ ತೋರಿಸುವುದಷ್ಟೇ: ಇದು ಹೀಗೆ ಬಂತು, ಇವರ ಕೈದಾಟಿ ಬಂತು, ಇಷ್ಟು ದುಃಖ ದಾಟಿ ಬಂತು, ಎಂದು. ಇಷ್ಟು ಸಾಕೇ ಎಂದರೆ ಸಾಲದು. ಆದರೆ 'ಸಂಗೀತಕ್ಕೆ ಗಡಿಯಿಲ್ಲ' ಎಂದು ಭಾಷಣ ಮಾಡಿ ಲೆಕ್ಕದ ಪುಸ್ತಕ ಮುಚ್ಚುವುದಕ್ಕಿಂತ ಮೇಲು. ಗಡಿಯಿಲ್ಲ ಎಂಬ ಮಾತು ಗಡಿ ದಾಟುವಾಗ ಯಾರೂ ತಡೆಯದವರಿಗೆ ಚೆನ್ನಾಗಿ ಒಪ್ಪುತ್ತದೆ.

ದೂರದವರ ಲೆಕ್ಕ ಇಷ್ಟು ಗಟ್ಟಿಯಾಗಿ ಹೇಳುವಾಗ ಹತ್ತಿರದವರದು ಮುಜುಗರ ತರುತ್ತದೆ. ಕಡಬದ ಕಡೆ ನೇಮವೊಂದರಲ್ಲಿ ಬೆಳಗಿನ ಜಾವದವರೆಗೆ ಊದಿದ ವಾದಕರ ಹೆಸರನ್ನು ಸಮಿತಿಯ ಒಬ್ಬರಲ್ಲಿ ಕೇಳಿದ್ದೆ. 'ಸ್ಯಾಕ್ಸೊಫೋನಿನವರು' ಎಂದರು. ಹೆಸರು ಎಂದೆ. ಫೋನಿನಲ್ಲಿ ಹುಡುಕಿ ತೋರಿಸಿದರು. ಅಲ್ಲ, ಅಲ್ಲಿಯೂ 'ಸ್ಯಾಕ್ಸ್' ಎಂದೇ ಉಳಿಸಿಕೊಂಡಿದ್ದರು. ಒಳ್ಳೆಯ ಮನುಷ್ಯ, ವಾದಕರಿಗೆ ಊಟ ಆಯಿತೇ ಎಂದು ಮೂರು ಸಲ ವಿಚಾರಿಸಿದ್ದನ್ನು ನಾನೇ ನೋಡಿದ್ದೆ. ನೆಂಟರಿಗೆ ಊಟ, ಆದರೆ ಪತ್ರಿಕೆಯಲ್ಲಿ ಹೆಸರು ಹಾಕಲು ಹಕ್ಕುದಾರರಾಗಬೇಕು.

ಇದಕ್ಕೆ ಬೇಕಾದ ಮಾದರಿ ನಮ್ಮ ದೇವಸ್ಥಾನಗಳಲ್ಲೇ ಇದೆ ಎಂಬುದು ಈ ವಿಷಯದಲ್ಲಿ ನನಗೆ ಸಿಕ್ಕಿದ ಅತಿ ಸಂತೋಷದ ಸಂಗತಿ. ಉತ್ಸವ ಬಲಿಯಲ್ಲಿ ದೇವರನ್ನು ತಲೆಯ ಮೇಲೆ ಹೊತ್ತು ಒಳಾಂಗಣದಲ್ಲಿ ಸುತ್ತು ಬರುವಾಗ ಎಲ್ಲ ವಾದ್ಯಗಳನ್ನೂ ಮೊದಲೇ ಬೆರೆಸುವುದಿಲ್ಲ. ಚೆಂಡೆಗೊಂದು ಸುತ್ತು, ವಾದ್ಯಕ್ಕೊಂದು ಸುತ್ತು. ಬ್ಯಾಂಡಿಗೆ ಬೇರೆ ಸುತ್ತು ಕೊಡುವ ಕಡೆಗಳೂ ಇವೆ. ಒಂದರ ಸುತ್ತಿನಲ್ಲಿ ಇನ್ನೊಂದು ಸುಮ್ಮನಿರಬೇಕು, ಸುಮ್ಮನಿದ್ದು ಕೇಳಬೇಕು. ದೇವರ ನಡಿಗೆ ಆಯಾ ವಾದ್ಯದ ಲಯಕ್ಕೆ ಬದಲಾಗುತ್ತದೆ. ಹೊತ್ತವರ ಹೆಜ್ಜೆ ಚೆಂಡೆಗೆ ಒಂದು ಬಗೆ, ನಾಗಸ್ವರ-ಸ್ಯಾಕ್ಸೊಫೋನಿಗೆ ಇನ್ನೊಂದು ಬಗೆ. ಇಲ್ಲಿ ಬಾಗುವುದು ದೇವರು. ಕೊನೆಯದು ಸರ್ವವಾದ್ಯ ಸುತ್ತು. ತನ್ನ ಸುತ್ತು ಮುಗಿಸಿದ ಸ್ಯಾಕ್ಸೊಫೋನಿನವರು ಕಂಬದ ಪಕ್ಕಕ್ಕೆ ಸರಿದು, ಬಾಯಿಯ ತುದಿಯಲ್ಲಿರುವ ರೀಡನ್ನು ಒಮ್ಮೆ ಬೆರಳಿನಿಂದ ಒರೆಸಿ ನೋಡಿ, ಶಾಲಿನಿಂದ ಹಣೆಯ ಬೆವರು ಒತ್ತಿಕೊಂಡು, ಚೆಂಡೆಯವರು ಕಣ್ಣು ಹಾಯಿಸುವುದನ್ನೇ ಕಾಯುತ್ತ ನಿಂತಿರುತ್ತಾರೆ.